ಕೆಳಗಿನಿಂದ ಮೂರನೇ ಸಾಲು

ನಾನು ಎಲ್ಲಿ ಕೆಲಸಕ್ಕೆ ಸೇರಿದರೂ ಅಲ್ಲೊಂದು ಎಡವಟ್ಟು ನನಗಿಂತ ಮುಂಚೆಯೇ ಬಂದು ಕೂತಿರುತ್ತೆ. ಏಳನೇ ಕ್ಲಾಸಿಗೆ ಸ್ಕೂಲ್ ಬಿಟ್ಟವನು ನಾನು. ಆಮೇಲೆ ಕಮರ್ಷಿಯಲ್ ಸ್ಟ್ರೀಟಲ್ಲಿ ಪ್ಯಾಂಟ್ ಆಲ್ಟರೇಷನ್, ಶಿವಾಜಿನಗರದಲ್ಲಿ ಹಳೇ ಬೈಕ್ ಪಾರ್ಟ್ಸ್, ಕೊರಿಯರ್, ಮದುವೆ ಮನೆ ಲೈಟಿಂಗ್. ಯಾವುದರಲ್ಲೂ ಆರು ತಿಂಗಳು ತುಂಬಲಿಲ್ಲ. ಕಾಲು ಒಂದು ಕಡೆ ನಿಲ್ಲಲ್ಲ.

ಈಗ ಇರೋದು ಇಂದಿರಾನಗರದ ಒಂದು ಹಳೇ ಮನೆಯ ಮಹಡಿಯಲ್ಲಿ. ಅಲ್ಲಿ ಒಬ್ಬರು ಮೇಡಂ ಪ್ರೋಗ್ರಾಮರ್‌ಗಳ ಮೇಲೆ ಸಂಶೋಧನೆ ಮಾಡ್ತಾರೆ. ಯಾರೋ ಬರೆದ ಕೋಡನ್ನು ಇನ್ನೊಬ್ಬರು ಹೇಗೆ ಓದಿ ಅರ್ಥ ಮಾಡ್ಕೋತಾರೆ ಅನ್ನೋದೇ ಅವರ ಪ್ರಶ್ನೆ. ಬಂದವರನ್ನು ಕಂಪ್ಯೂಟರ್ ಮುಂದೆ ಕೂರಿಸಿ, ಒಂದು ಕಡೆ ತಪ್ಪಿರೋ ಒಂದು ಪುಟ ಕೋಡ್ ತೋರಿಸ್ತಾರೆ. ಸ್ಕ್ರೀನ್ ಕೆಳಗಿನ ಕ್ಯಾಮೆರಾ ಅವರ ಕಣ್ಣು ಹೋದಲ್ಲೆಲ್ಲ ಒಂದು ಕೆಂಪು ಚುಕ್ಕೆ ಇಡುತ್ತೆ. ಪಕ್ಕದ ರೂಮಿನ ಸ್ಕ್ರೀನಲ್ಲಿ ಮೇಡಂ ಆ ಚುಕ್ಕೆ ನೋಡ್ತಾರೆ. ಬಂದವರಿಗೆ ಕಾಫಿ ಕೊಡೋದು, ಕ್ಯಾಮೆರಾಗೆ ಕಾಣದ್ದನ್ನೆಲ್ಲ, ಅಂದರೆ ಉಸಿರು ಬಿಟ್ಟಿದ್ದು, ತಲೆ ಕೆರ್ಕೊಂಡಿದ್ದು, ಮೂಗು ತುರಿಸಿದ್ದು, ನೋಟ್‌ಬುಕ್ಕಲ್ಲಿ ಬರೆಯೋದು ನನ್ನ ಕೆಲಸ. ಎರಡೂ ಸ್ಕ್ರೀನ್ ಕಾಣೋ ಹಾಗೆ ನಡುವಿನ ಬಾಗಿಲ ಹತ್ತಿರ ನನ್ನ ಸ್ಟೂಲು.

ನಾನಿರೋದು ಲಿಂಗರಾಜಪುರದಲ್ಲಿ, ಅಕ್ಕನ ಮನೆಯಲ್ಲಿ. ಸೇರಿದ ದಿನವೇ ಅವಳು ಹೇಳಿದ್ದಳು: "ಇದನ್ನೂ ಬಿಟ್ಟು ಬಂದ್ಯೋ, ನಿನ್ನ ಚಾಪೆ ಗೇಟಿಂದ ಆಚೆ ಇರುತ್ತೆ."

ತಮಾಷೆ ಅಂದರೆ, ಈ ಕೆಲಸ ಬಿಡೋಕೆ ನನಗೇ ಮನಸ್ಸಿರಲಿಲ್ಲ. ಏಳು ತಿಂಗಳಾಗಿತ್ತು, ನನ್ನ ಮಟ್ಟಿಗೆ ಅದು ಪೆನ್ಷನ್ ವಯಸ್ಸು. ಆದರೆ ಕೆಲಸವೇ ನನ್ನನ್ನು ಬಿಡೋ ಹಾಗಿತ್ತು. ತಿಂಗಳ ಕೊನೆಗೆ ದುಡ್ಡು ಕೊಡೋ ಕಡೆಯಿಂದ ಇಬ್ಬರು ಹಿರಿಯರು ಬಂದು ನೋಡಿ, ಒಪ್ಪಿದರೆ ಸಂಶೋಧನೆ ಇನ್ನೊಂದು ವರ್ಷ. ಒಪ್ಪದಿದ್ದರೆ ಮಹಡಿಗೆ ಬೀಗ, ನನಗೆ ಚಾಪೆ.

ಮಾತಾಡ್ತಾ ಇರಿ

ಕೋಡ್ ಓದುವಾಗ ಮನಸ್ಸಲ್ಲಿ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳ್ಬೇಕು ಅನ್ನೋದು ಮೇಡಂ ರೂಲ್ಸು. ಸುಮ್ಮನಾದರೆ "ಮಾತಾಡ್ತಾ ಇರಿ" ಅಂತ ನಾನು ನೆನಪಿಸ್ಬೇಕು.

ಹಲಸೂರಿನ ಒಬ್ಬರು ಬಂದರು. ನೆನಪಿಸೋ ಕೆಲಸವೇ ಕೊಡಲಿಲ್ಲ. ವಿಮಾನದಲ್ಲಿ ಅನೌನ್ಸ್ ಮಾಡೋ ಹಾಗೆ ಇಂಗ್ಲಿಷಲ್ಲಿ ಹತ್ತು ನಿಮಿಷ ಮಾತಾಡಿದರು. ಕೆಂಪು ಚುಕ್ಕೆ ಮಾತ್ರ ಮೊದಲನೇ ಸಾಲಿನಲ್ಲೇ ಟೆಂಟ್ ಹಾಕಿತ್ತು. ಆಮೇಲೆ ಇದ್ದಕ್ಕಿದ್ದಂತೆ ತಮಿಳಲ್ಲಿ ಏನೋ ಗೊಣಗಿದರು. ಚುಕ್ಕೆ ಎದ್ದು ಓಡತೊಡಗಿತು. ನಾನು ಬರೆದೆ: ‘ಇಂಗ್ಲಿಷ್ ಇದ್ದಾಗ ಅರ್ಥ ಆಗಿಲ್ಲ. ತಮಿಳು ಬಂದಮೇಲೆ ಆಯ್ತು.’

ಅದನ್ನು ಮೇಡಂ ಎರಡು ಸಲ ಓದಿದರು. ಮಾರನೇ ದಿನ ಹಳೇ ರೆಕಾರ್ಡಿಂಗ್ ಎಲ್ಲ ತೆಗೆದು ಕೇಳಿದರು. ಶಿವಾಜಿನಗರದವರಿಗೆ ಉರ್ದುವಿನಲ್ಲಿ ಹೊಳೆದಿತ್ತು, ಕೆ.ಆರ್. ಪುರದವರಿಗೆ ಕನ್ನಡದಲ್ಲಿ. ಎಲ್ಲರದ್ದೂ ಅದೇ ಕಥೆ. ಮೇಡಂಗೆ ಖುಷಿಯೋ ಖುಷಿ. ಇದು ಎಷ್ಟು ದೊಡ್ಡ ವಿಷಯ ಅಂತ ನನ್ನನ್ನು ಕೂರಿಸ್ಕೊಂಡು ಅರ್ಧ ಗಂಟೆ ವಿವರಿಸಿದರು.

ಪೂರ್ತಿ ಇಂಗ್ಲಿಷಲ್ಲಿ. ಅದನ್ನೂ ಬರ್ಕೊಂಡೆ.

ಬರೆದವನ ನಂಬರ್

ಇನ್ನೊಂದು ಪರೀಕ್ಷೆಗೆ ಮೇಡಂ ಕೆಲವರಿಂದ ಅವರವರ ಹಳೇ ಕೋಡ್ ತರಿಸ್ಕೊಂಡಿದ್ದರು. ಹೆಸರು, ಗುರುತು ಎಲ್ಲ ಅಳಿಸಿ, ಒಬ್ಬ ಎಂಜಿನಿಯರಿಗೆ ಅವನು ಮೂರು ವರ್ಷದ ಹಿಂದೆ ಬರೆದದ್ದನ್ನೇ ಇಟ್ಟರು. ಅದು ಯಾರದು ಅಂತ ಹೇಳಬಾರದು ಅಂತ ನನಗೆ ತಾಕೀತಾಯಿತು.

ಎರಡು ನಿಮಿಷಕ್ಕೆ ಆತನ ಮುಖ ಕೆಂಪಾಯಿತು. ಇದನ್ನು ಬರೆದವನಿಗೆ ಒಂದು ಡಬ್ಬಕ್ಕೆ ಹೆಸರಿಡೋಕೂ ಬರಲ್ಲ ಅಂದ. ಇವನಿಗೆ ಕೆಲಸ ಕೊಟ್ಟವನು ಯಾರು ಅಂತ ಕೇಳಿದ. ಬೈಗುಳ ಬರೆಯೋಕೆ ನನಗೆ ಎರಡು ಪುಟ ಹಿಡೀತು. ಎದ್ದು ಹೋಗುವಾಗ ಹೇಳಿದ: "ಗುರು, ಇವನ ನಂಬರ್ ಇದ್ರೆ ಕೊಡು. ಎರಡು ಮಾತು ಹೇಳ್ಬೇಕು."

ಯಾರದು ಅಂತ ಹೇಳಬಾರದು ಅಂದಿದ್ದರೇ ಹೊರತು ನಂಬರ್ ಕೊಡಬಾರದು ಅಂತ ಮೇಡಂ ಹೇಳಿರಲಿಲ್ಲ. ರಿಜಿಸ್ಟರ್ ನೋಡಿ ಅವನದೇ ನಂಬರ್ ಬರ್ಕೊಟ್ಟೆ. ಹೋದ ವಾರವಷ್ಟೇ ತಗೊಂಡ ಹೊಸ ನಂಬರ್ ಅದು. ರಿಜಿಸ್ಟರಲ್ಲಿ ಬರೆಯುವಾಗಲೂ ಫೋನ್ ನೋಡ್ಕೊಂಡೇ ಬರೆದಿದ್ದ. ನಾನು ಬಾಲ್ಕನಿಗೆ ಹೋಗಿ ನಿಂತೆ. ಕೆಳಗೆ ಗೇಟಿನ ಹತ್ತಿರ ಆತ ಚೀಟಿ ನೋಡಿ ನೋಡಿ ಒತ್ತಿದ. ಬಿಜಿ. ಇನ್ನೊಮ್ಮೆ ಒತ್ತಿದ. ಬಿಜಿ.

ತಲೆ ಎತ್ತಿ ನನ್ನನ್ನು ನೋಡಿ ಹೇಳಿದ: "ನೋಡ್ದಾ ಗುರು, ಇಂಥವ್ರು ಫೋನಿಗೂ ಸಿಗಲ್ಲ."

ಮ್ಯಾನೇಜರ್

ಒಂದು ಸಲ ಒಬ್ಬ ಮ್ಯಾನೇಜರ್ ನಾನೂ ಕೂರ್ತೀನಿ ಅಂತ ಕೂತರು. ಇಪ್ಪತ್ತು ನಿಮಿಷ ಗಂಭೀರವಾಗಿ ನೋಡಿ, ಕೋಡ್ ಚೆನ್ನಾಗಿದೆ, ಇನ್ನೂ ಬೇಗ ಮುಗಿಸಬಹುದಿತ್ತು ಅಂದರು. ಆಮೇಲೆ ನೋಡಿದರೆ ಅಷ್ಟೂ ಕೆಂಪು ಚುಕ್ಕೆ ಸ್ಕ್ರೀನ್ ಮೂಲೆಯ ಗಡಿಯಾರದ ಮೇಲಿದ್ದವು.

ಹಿರಿಯರು ಬಂದ ದಿನ

ಆವತ್ತು ಮೇಡಂ ಬೆಳಗ್ಗೆಯಿಂದ ನಾಲ್ಕು ಕಾಫಿ ಕುಡಿದಿದ್ದರು. ಹಿರಿಯರಿಗೆ ತೋರಿಸೋಕೆ ಅಂತ ಹದಿನೈದು ವರ್ಷ ಅನುಭವದ ಒಬ್ಬ ಎಂಜಿನಿಯರನ್ನು ಕರೆದಿದ್ದರು. ಆತ ಕೆ.ಆರ್. ಪುರದ ತೂಗುಸೇತುವೆ ಹತ್ತಿರ ಟ್ರಾಫಿಕ್ಕಲ್ಲಿ ಸಿಕ್ಕಿಹಾಕ್ಕೊಂಡಿದ್ದ. ಕ್ಯಾಮೆರಾ ಸರಿಯಿದೆಯಾ ನೋಡೋಣ ಅಂತ ಮೇಡಂ ನನ್ನನ್ನೇ ಕುರ್ಚಿಯಲ್ಲಿ ಕೂರಿಸಿ, ಅವನಿಗೆ ಫೋನ್ ಮಾಡೋಕೆ ಬಾಲ್ಕನಿಗೆ ಹೋದರು. ಅಷ್ಟರಲ್ಲಿ ಹಿರಿಯರಿಬ್ಬರೂ ಮೆಟ್ಟಿಲು ಹತ್ತಿ ಬಂದು ಪಕ್ಕದ ರೂಮಿನ ಸ್ಕ್ರೀನ್ ಮುಂದೆ ನಿಂತರು.

ನನಗೆ ಕೋಡ್ ಓದೋಕೆ ಬರಲ್ಲ. ಆದರೆ ಆ ಪುಟ ನೋಡ್ತಾ ಏಳು ತಿಂಗಳು ಕಳೆದಿದ್ದೇನೆ. ಡ್ರೈವರಿಗೆ ರಸ್ತೆಯ ಹಂಪ್ ಗೊತ್ತಿರೋ ಹಾಗೆ, ಜನ ಎಲ್ಲಿ ಎಗರಿ ಬೀಳ್ತಾರೆ ಅಂತ ಗೊತ್ತು. ಕಣ್ಣು ತಾನಾಗೇ ಹೋಗಿ ಕೆಳಗಿನಿಂದ ಮೂರನೇ ಸಾಲಿನಲ್ಲಿ ನಿಂತಿತು.

ಪಕ್ಕದ ರೂಮಿಂದ ದನಿ ಕೇಳಿಸಿತು. ಸೀದಾ ತಪ್ಪಿರೋ ಕಡೆಗೇ ಹೋದ, ಅನುಭವ ಅಂದ್ರೆ ಇದು, ಅಂತ. ಅವರಲ್ಲಿ ಕನ್ನಡಕ ಹಾಕಿದ್ದವರು ಒಳಗೆ ಬಂದು ನನ್ನ ಕೈ ಕುಲುಕಿದರು.

"ಎಷ್ಟು ವರ್ಷದ ಎಕ್ಸ್‌ಪೀರಿಯನ್ಸು?"

"ಏಳು ತಿಂಗಳು ಸಾರ್."

"ಅದಕ್ಕೆ ಮುಂಚೆ?"

"ಮದುವೆ ಮನೆ ಲೈಟಿಂಗ್."

ಅಷ್ಟೊತ್ತಿಗೆ ಮೇಡಂ ಬಂದರು. ಏನಾದರೂ ಹೇಳಿ ತಪ್ಪಿಸ್ಕೋಬಹುದಿತ್ತು. ತಪ್ಪಿಸ್ಕೊಳ್ಳಲಿಲ್ಲ; ನಾನು ಯಾರು, ಎಷ್ಟು ಓದಿದ್ದೀನಿ, ಎಲ್ಲ ಇದ್ದದ್ದು ಇದ್ದ ಹಾಗೆ ಹೇಳಿದರು. ಕನ್ನಡಕದವರ ಮುಖ ಬಿಗಿಯಾಯಿತು. ಹಾಗಾದರೆ ಏನೂ ಗೊತ್ತಿಲ್ಲದವನಿಗೂ ಎಲ್ಲ ಗೊತ್ತಿರುವವನಿಗೂ ನಿಮ್ಮ ಕ್ಯಾಮೆರಾ ಒಂದೇ ಚುಕ್ಕೆ ಇಡುತ್ತೆ, ಇದರಿಂದ ಏನು ತಿಳ್ಕೋತೀರಿ ಅಂತ ಕೇಳಿದರು. ನನಗೆ ಗೇಟಿನಾಚೆಯ ಚಾಪೆ ಕಣ್ಣಿಗೆ ಕಟ್ಟಿತು. ಬಾಯಿ ಹಾಕಿಬಿಟ್ಟೆ.

"ಕ್ಯಾಮೆರಾಗೆ ಕಣ್ಣು ಮಾತ್ರ ಕಾಣುತ್ತೆ ಸಾರ್. ಮೂಗು ಕಾಣಲ್ಲ. ಅರ್ಥ ಮಾಡ್ಕೊಳ್ಳೋಕೆ ನೋಡೋರು ಆ ಸಾಲಿಗೆ ಬಂದ ತಕ್ಷಣ ಮೂಗು ತುರಿಸ್ಕೋತಾರೆ. ನಾನು ತುರಿಸ್ಲಿಲ್ಲ. ಅರ್ಥ ಮಾಡ್ಕೊಳ್ಳೋ ಕಷ್ಟ ನನಗಿಲ್ಲ ನೋಡಿ."

ನೋಟ್‌ಬುಕ್ ಕೊಟ್ಟೆ. ಅವರು ಪುಟ ತಿರುವಿದರು. ಮೂಗು, ಮೂಗು, ಮತ್ತೆ ಮೂಗು. ನಂಬಿದ ಹಾಗೆ ಕಾಣಲಿಲ್ಲ.

ಆಗ ಬಂದ ನಮ್ಮ ಹದಿನೈದು ವರ್ಷದ ಎಂಜಿನಿಯರ್, ಬೆವರು ಒರೆಸ್ಕೊಂಡು. ಬಂದವನೇ ಕೂತ. ನಾವು ನಾಲ್ಕೂ ಜನ ಪಕ್ಕದ ರೂಮಿನಲ್ಲಿ, ನಡುವಿನ ಬಾಗಿಲು ತೆಗೆದಿಟ್ಟು ನಿಂತೆವು. ಚುಕ್ಕೆ ಮೇಲೆ ಓಡಾಡಿತು, ನಡುವೆ ಎರಡು ಸುತ್ತು ಹಾಕಿತು, ಇಳಿದು ಕೆಳಗಿನಿಂದ ಮೂರನೇ ಸಾಲಿಗೆ ಬಂದು ನಿಂತಿತು. ಆಮೇಲೆ ಯಾರೂ ಚುಕ್ಕೆ ನೋಡಲಿಲ್ಲ. ನಾಲ್ಕೂ ಜನ ಅವನ ಮೂಗನ್ನೇ ನೋಡ್ತಿದ್ದೆವು. ಕೈ ಮೌಸ್ ಬಿಟ್ಟಿತು. ಗಲ್ಲದ ಹತ್ತಿರ ಬಂದು ಸ್ವಲ್ಪ ಯೋಚಿಸಿತು. ಮೇಡಂ ಉಸಿರು ಬಿಗಿಹಿಡಿದರು. ಕೈ ಇನ್ನೊಂದು ಇಂಚು ಮೇಲೆ ಹೋಯಿತು.

ತುರಿಸಿದ. ಚೆನ್ನಾಗಿ ತುರಿಸಿದ.

ಕನ್ನಡಕದವರು ಬಾಯಿಗೆ ಕರ್ಚೀಫ್ ಒತ್ಕೊಂಡು ಹೊರಗೆ ಹೋಗಿ ನಕ್ಕು ಬಂದರು. ಇನ್ನೊಂದು ವರ್ಷ ಮಾಡಿ, ಮೂಗಿಗೂ ಒಂದು ಕ್ಯಾಮೆರಾ ಹಾಕಿಸಿ ಅಂದರು.

ಸಾಯಂಕಾಲ ಮನೆಗೆ ಹೋದಾಗ ಅಕ್ಕ ಹುರುಳಿಕಾಯಿ ಹೆಚ್ಚುತ್ತಿದ್ದಳು. ವಿಷಯ ಹೇಳಿದೆ. ಕೈಲಿದ್ದ ಚಾಕು ಕೆಳಗಿಟ್ಟಳು.

"ಒಂದು ವರ್ಷ? ನೀನು? ಒಂದೇ ಕಡೆ?"

ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದಳು. ಮೆಲ್ಲಗೆ ಅವಳ ಕೈ ಎದ್ದು ಮೂಗಿನ ಕಡೆ ಹೊರಟಿತು.

ನಾನು ನೋಟ್‌ಬುಕ್ ತೆಗೆದೆ.