ಅತ್ತೆಯ ‘ಬೇಡ’ ಮತ್ತು ಮೆನೊನೈಟರ ಪೈ

ನಮ್ಮ ಸೋದರತ್ತೆ ದಿನವಿಡೀ ಸುಳ್ಳು ಹೇಳುತ್ತಾರೆ. ಪಾಪ, ಅವರಿಗೆ ಬರುವುದು ಒಂದೇ ಸುಳ್ಳು: ‘ಬೇಡ.’ ಕಾಫಿ ಕೊಡಲಾ ಎಂದರೆ ಬೇಡ, ಕುರ್ಚಿ ಹಾಕಲಾ ಎಂದರೆ ಬೇಡ, ನೆಗಡಿಯಾಗಿದೆ, ಬಿಸಿನೀರು ತರಲಾ ಎಂದರೂ ಬೇಡ. ಹೀಗೆಂದವರು ಕುರ್ಚಿಯಲ್ಲಿ ಕೂತು, ಕಾಫಿ ಮುಗಿಸಿ, ಬಿಸಿನೀರನ್ನೂ ಕುಡಿದೇ ಹೊರಡುತ್ತಾರೆ! ಅವರ ಚಾಮರಾಜಪೇಟೆಯಲ್ಲಿ ಇದನ್ನು ಸುಳ್ಳು ಎನ್ನುವುದಿಲ್ಲ, ಮರ್ಯಾದೆ ಎನ್ನುತ್ತಾರೆ. ಮೊದಲ ‘ಬೇಡ’ ಅತಿಥಿಯ ಕರ್ತವ್ಯ, ಎರಡನೆಯದು ಮನೆತನದ ಗೌರವ. ಮತ್ತೂ ಬಲವಂತ ಮಾಡಿದರೆ, ನಿಮ್ಮ ಮಾತು ಮೀರುವುದುಂಟೇ ಎಂದು ಲೋಟಕ್ಕೆ ಕೈ ಚಾಚುವುದು.

ಎದುರಾಳಿಯ ಮಾತನ್ನು ಅಕ್ಷರಶಃ ಹಿಡಿದು ಜಗ್ಗುವುದನ್ನೇ ಚರ್ಚಾಸ್ಪರ್ಧೆಗಳಲ್ಲಿ ಕಲಿತ ನಾನು ಇದನ್ನು ಸಹಿಸುವುದು ಹೇಗೆ? ಒಮ್ಮೆ ಎನ್.ಆರ್. ಕಾಲೋನಿಯ ನಮ್ಮ ಮನೆಯಲ್ಲಿ, ಅವರ ಮೊದಲ ‘ಬೇಡ’ಕ್ಕೇ ಆ ಕಾಫಿಯನ್ನು ನಾನು ಕುಡಿದುಬಿಟ್ಟೆ. ತರ್ಕದಲ್ಲಿ ಗೆದ್ದೆ. ಅಮ್ಮ ನೋಡಿದ ನೋಟದಲ್ಲಿ ಸೋತೆ.

ಇಂಥ ಅತ್ತೆಯನ್ನು, ಭೂಮಿಯ ಮೇಲೆ ಬೇರೆಷ್ಟೋ ಜಾಗವಿರುವಾಗ, ಮೆನೊನೈಟರ ಹಳ್ಳಿಗೆ ಕರೆದೊಯ್ದವಳು ಯಾರು? ನಾನೇ! ಕೆನಡಾದಲ್ಲೊಂದು ಚರ್ಚಾಸ್ಪರ್ಧೆಯಿತ್ತು. ಒಬ್ಬಳನ್ನೇ ಕಳಿಸಲು ಅಪ್ಪ ಸಿದ್ಧರಿರಲಿಲ್ಲ. ಜೊತೆಗೆ ಹೋಗುತ್ತೀಯಾ ಎಂದು ಅತ್ತೆಯನ್ನು ಕೇಳಿದರೆ, ನನಗ್ಯಾಕೆ ವಿದೇಶ, ಬೇಡಪ್ಪ ಎಂದರು. ತಂಗಿಯನ್ನು ಬಲ್ಲ ಅಪ್ಪ ತಕ್ಷಣ ಟಿಕೆಟ್ ಮಾಡಿಸಿದರು. ಸ್ಪರ್ಧೆಯಲ್ಲಿ ನಾನು ಬಹಳ ಬೇಗ ಸೋತೆ. ವಾಪಸು ವಿಮಾನಕ್ಕೆ ಇನ್ನೂ ದಿನಗಳಿದ್ದವು. ಸಂಘಟಕರಲ್ಲೊಬ್ಬರು, ಹಳ್ಳಿಯಲ್ಲಿ ನಮ್ಮ ಅಪ್ಪ ಅಮ್ಮ ಇದ್ದಾರೆ, ಎಷ್ಟು ದಿನ ಬೇಕಾದರೂ ಇರಿ ಎಂದು ಕಳಿಸಿಕೊಟ್ಟರು.

ಮೆನೊನೈಟರೆಂದರೆ ಕ್ರೈಸ್ತರಲ್ಲೇ ಸರಳವಾಗಿ ಬದುಕುವ ಒಂದು ಪಂಗಡ. ಅಕ್ಕಪಕ್ಕದ ಕೆಲವರು ಕುದುರೆಗಾಡಿಯಲ್ಲಿ ಓಡಾಡುತ್ತಿದ್ದರು. ನಾವು ಇಳಿದುಕೊಂಡ ಮನೆಯ ದಂಪತಿಗೆ ಕಾರಿತ್ತು, ಟಿವಿ ಇರಲಿಲ್ಲ. ಅವರ ಕಟ್ಟುನಿಟ್ಟು ಮಾತಿನಲ್ಲಿ. ಹೌದು ಎಂದರೆ ಹೌದು, ಇಲ್ಲ ಎಂದರೆ ಇಲ್ಲ. ಆಡುವುದೆಲ್ಲ ನಿಜವೇ ಆಗಿರಬೇಕಾದ್ದರಿಂದ ಆಣೆಯಿಡುವುದೂ ನಿಷಿದ್ಧವಂತೆ. ನಮ್ಮ ಅತ್ತೆಯೋ, ದೇವರಾಣೆ ಬೇಡ ಎಂದು ಹೋಳಿಗೆ ತಿನ್ನುವವರು!

ಮೊದಲ ಊಟಕ್ಕೆ ಬಿಸಿ ಬ್ರೆಡ್ಡು, ಬೆಣ್ಣೆ, ನಮಗೆಂದೇ ಮಾಂಸ ಹಾಕದೆ ಮಾಡಿದ ಕಾಳಿನ ಸೂಪು, ಕೊನೆಗೆ ಸೇಬಿನ ಹೂರಣ ತುಂಬಿ ಬೇಯಿಸಿದ ಪೈ. ಎಪ್ಪತ್ತು ದಾಟಿದ ಆ ಮನೆಯಾಕೆ ಒಂದೊಂದನ್ನೂ ನಗುನಗುತ್ತ ಅತ್ತೆಯ ಮುಂದೆ ಹಿಡಿದರು. ಅತ್ತೆ ಕೈ ಅಡ್ಡ ಮಾಡಿ, ನೋ ನೋ ಎಂದರು. ಆಕೆ ಅಷ್ಟೇ ಪ್ರೀತಿಯಿಂದ ತಟ್ಟೆಯನ್ನು ಮುಂದಕ್ಕೆ ದಾಟಿಸಿದರು. ಪೈ ಮೆರವಣಿಗೆಯಂತೆ ಹಾದುಹೋಯಿತು. ಅತ್ತೆಯ ಕಣ್ಣು ಅದನ್ನು ಮೇಜಿನ ತುದಿಯವರೆಗೂ ಬೀಳ್ಕೊಟ್ಟಿತು.

ಕೋಣೆಗೆ ಬಂದವರೇ ಚಟ್ನಿಪುಡಿಯ ಡಬ್ಬಿ ಬಿಚ್ಚಿದರು. “ಊಟ ಚೆನ್ನಾಗಿತ್ತು ಕಣೇ. ತಿನ್ನೋಕೆ ಸಿಗಲಿಲ್ಲ, ಅಷ್ಟೆ.”

ಅತ್ತೆ ಸೊರಗುವ ಮೊದಲು ನಾನು ಮಧ್ಯಸ್ಥಿಕೆ ವಹಿಸಬೇಕಾಯಿತು. ನಮ್ಮ ಕಡೆಯ ‘ಬೇಡ’ ನಿಜವಾದ ಬೇಡವಲ್ಲ, ಬಲವಂತ ಮಾಡಿ ಬಡಿಸಬೇಕು ಎಂದು ವಿವರಿಸಿದೆ. ಜೀವನಪೂರ್ತಿ ಖಂಡಿಸಿದ ಪಕ್ಷವನ್ನೇ ಸಮರ್ಥಿಸುವ ಗತಿ! ಮನೆಯ ಯಜಮಾನರು ಗಂಭೀರವಾಗಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು: ಹಾಗಾದರೆ ನಿಜವಾಗಿಯೂ ಬೇಡವಾದಾಗ ನೀವು ಏನು ಹೇಳುತ್ತೀರಿ?

ಕೆನಡಾದಲ್ಲಿ ಅದು ನನ್ನ ಎರಡನೇ ಸೋಲು.

ಮುಂದಿನ ಊಟಕ್ಕೆ ಅತ್ತೆಯ ತಟ್ಟೆ ತುಂಬಿತು. ನನ್ನದೂ ತುಂಬಿತು! ನನಗೆ ನಿಜಕ್ಕೂ ಸಾಕಾಗಿದೆ ಎಂದಷ್ಟೂ ಅವರು ಕಣ್ಣು ಮಿಟುಕಿಸಿ ಪೈ ಹಾಕಿದರು. ರಾತ್ರಿಯೆಲ್ಲ ಹೊಟ್ಟೆ ಹಿಡಿದುಕೊಂಡು ಹೊರಳಿದವಳನ್ನು ಬೆಳಿಗ್ಗೆ ನೋಡಿ ಗಾಬರಿಯಾದ ಆ ದಂಪತಿ, ಇನ್ನು ಮೇಲೆ ಯಾರೇನು ಹೇಳಿದರೂ ಹೇಳಿದ್ದನ್ನೇ ನಂಬುತ್ತೇವೆ ಎಂದು ತಮ್ಮ ಧರ್ಮಕ್ಕೆ ಮರಳಿದರು. ಅತ್ತೆ ಚಟ್ನಿಪುಡಿಗೆ ಮರಳಿದರು.

ಇಷ್ಟಾದರೂ ಅತ್ತೆ ಖುಷಿಯಾಗಿದ್ದರು. ಕಾರಣ, ಮುಂದಿನ ಕೋಣೆಯಲ್ಲಿ ಮರದ ಚೌಕಟ್ಟಿಗೆ ಬಿಗಿದಿದ್ದ ದೊಡ್ಡದೊಂದು ಕೌದಿ. ಊರ ಹೆಂಗಸರು ಮಧ್ಯಾಹ್ನ ಬಂದು ಸುತ್ತ ಕೂತು ಹೊಲಿಯುತ್ತಿದ್ದರು, ನಿರಾಶ್ರಿತರಿಗೆ ಕಳಿಸುವುದಂತೆ. ಅತ್ತೆಗೂ ಒಂದು ಕುರ್ಚಿ, ಒಂದು ಮೂಲೆ ಸಿಕ್ಕಿತು. ಭಾಷೆ ಬಾರದಿದ್ದರೂ ಮನೆಯಾಕೆಯೂ ಅತ್ತೆಯೂ ಭುಜಕ್ಕೆ ಭುಜ ತಾಗಿಸಿ ನಗುತ್ತ ಹೊಲಿದರು. ಶನಿವಾರ ಕೌದಿ ಮುಗಿದು ಚೌಕಟ್ಟಿನಿಂದ ಇಳಿಯುವುದನ್ನು ನೋಡಬೇಕೆಂದು ಅತ್ತೆ ಎಷ್ಟು ಸಲ ನನ್ನ ಕಿವಿಯಲ್ಲಿ ಹೇಳಿದರೋ!

ಹಾಗಿದ್ದವರು ಗುರುವಾರದ ಊಟದಲ್ಲಿ ಏನು ಮಾಡಿದರು? ನಾಳೆ ಹೊರಡುತ್ತೇವೆ, ನಿಮಗೆಷ್ಟು ತೊಂದರೆ ಕೊಡುವುದು ಎಂದು ಹೇಳಲು ನನಗೆ ಸೂಚಿಸಿದರು. ಅನುವಾದಿಸಿದೆ. ಮನೆಯಾಕೆಯ ಮುಖ ಸಪ್ಪಗಾಯಿತು. ಆದರೂ, ಸರಿ, ನಿಮ್ಮ ಇಷ್ಟ ಎಂದರು. ಬೆಳಿಗ್ಗೆ ಕಾರು ತೆಗೆಯುತ್ತೇನೆ ಎಂದರು ಯಜಮಾನರು.

ಕೋಣೆಯಲ್ಲಿ ಅತ್ತೆ ಸೀರೆ ಮಡಿಸುತ್ತ ಮುಖ ತಿರುಗಿಸಿಕೊಂಡಿದ್ದರು. “ಇರಿ ಅಂತ ಒಂದ್ ಮಾತು ಬರ್ಲಿಲ್ಲ ನೋಡು.”

“ನೀವೇ ಹೊರಡ್ತೀವಿ ಅಂದ್ರಲ್ಲ ಅತ್ತೆ.”

“ನಿಜವಾಗ್ಲೂ ಹೊರಡೋರು ಹೊರಡ್ತೀವಿ ಅಂತಾರೇನೆ? ಬ್ಯಾಗ್ ಎತ್ಕೋತಾರೆ.”

ಇರಬೇಕು ಅನಿಸಿದರೆ ಹೇಳಿಬಿಡಿ, ಇದರಲ್ಲೇನಿದೆ ಎಂದು ನಾನು ವಾದ ಹೂಡಿದೆ. ಅತ್ತೆ ಸೀರೆಯ ಅಂಚು ನೀವುತ್ತ ಮೆಲ್ಲಗೆ ಹೇಳಿದರು: “ಅಷ್ಟು ದೊಡ್ಡ ಮನೆಗೆ ಹಿರೀ ಸೊಸೆಯಾಗಿ ಹೋದೆ. ಎಲ್ಲರಿಗೂ ಬೇಕಾ ಬೇಕಾ ಅಂತ ಕೇಳ್ಕೊಂಡೇ ಬಂದೆ ಪುಟ್ಟಿ. ನನಗೆ ಬೇಕು ಅನ್ನೋದು ಹೇಗೆ ಅಂತಾನೇ ಗೊತ್ತಿಲ್ಲ.”

ನಾನು ಸೀರೆಯ ಇನ್ನೊಂದು ತುದಿ ಹಿಡಿದು ಮಡಿಸಲು ಕೂತೆ.

ಬೆಳಿಗ್ಗೆ ಕಾರು ಬಾಗಿಲಲ್ಲಿ ಗುರುಗುಡುತ್ತಿತ್ತು. ಯಜಮಾನರು ನಮ್ಮ ಪೆಟ್ಟಿಗೆ ಎತ್ತಿಕೊಂಡರು. ಅತ್ತೆ ಮೆಟ್ಟಿಲವರೆಗೆ ಹೋದರು, ನಿಂತರು, ತಿರುಗಿ ಒಳಗೆ ಬಂದು ಕೌದಿಯ ಮುಂದಿನ ತಮ್ಮ ಕುರ್ಚಿಯಲ್ಲಿ ಕೂತುಬಿಟ್ಟರು. ಮನೆಯಾಕೆಯ ಮುಖವನ್ನೇ ನೋಡುತ್ತ ಹೇಳಿದರು:

“ನನಗೆ ಇಲ್ಲಿರಬೇಕು.”

ಆಮೇಲೆ ನನ್ನ ಕಡೆ ತಿರುಗಿ, “ಹೇಳೇ ಅವ್ರಿಗೆ. ಅಂದಿದ್ದನ್ನ ಹಾಗೇ ಹೇಳು.”

ನಾನು ಬಾಯಿ ತೆರೆದೆ. ಮನೆಯಾಕೆ ನನ್ನ ಅನುವಾದಕ್ಕೆ ಕಾಯಲಿಲ್ಲ. ಪಕ್ಕದ ಕುರ್ಚಿ ಎಳೆದು ಕೂತು, ಸೂಜಿಗೆ ದಾರ ಪೋಣಿಸಿ, ಅತ್ತೆಯ ಕೈಗೆ ಕೊಟ್ಟರು.