ಕಾಶೆಪ್ಪನ ಕಾಲಿಗೆ ಮೀನೋ ರೇಷ್ಮೆಯೋ

ಕಾಶೆಪ್ಪ: ಮೀನಿನ ಚರ್ಮಾ ತಂದು ನನ್ನ ಕಾಲಿಗಿ ಹಚ್ಚತೀರಾ? ಆಗಲ್ಲ ಅಂದ್ರ ಆಗಲ್ಲ! ಕೊರಳಾಗ ಲಿಂಗ ಅದ, ಡಾಕ್ಟರ್‌ಬಾಯಿ!

ಶಿವಾನಿ: ಕಾಕಾ, ಮೀನ ಅಲ್ರಿ. ಮೀನಿನ ಚರ್ಮದಾಗಿಂದು ಕೊಲಾಜನ್. ಅದೊಂದು ಪ್ರೋಟೀನ್. ತೊಳದು, ಸೋಸಿ, ಕಾಗದದಂಗ ಹಾಳಿ ಮಾಡ್ಯಾರ.

ಕಾಶೆಪ್ಪ: ಸೋಸಿದ್ರ ಮೀನ ಬದನಿಕಾಯಿ ಆಗ್ತದೇನು?

ಶಿವಕಾಂತಮ್ಮ: ಅಹೋ, ಅವರು ಕಾಲಿಗಿ ಹಚ್ಚತೀನಿ ಅಂದಾರ. ತಾಟಿಗಿ ಬಡಸ್ತೀನಿ ಅಂದಿಲ್ಲ.

ಮಹಾರಾಷ್ಟ್ರದ ಗಡಿಯೂರು ಉಮರ್ಗಾದ ಹೈವೇ ಪಕ್ಕದ ಸಣ್ಣ ದವಾಖಾನೆ. ಎತ್ತರದ ಮಂಚದ ಮೇಲೆ ಬಲಗಾಲು ಚಾಚಿ ಕೂತಿರುವವರು ಬಟ್ಟೆ ವ್ಯಾಪಾರಿ ಕಾಶೆಪ್ಪ; ಪಕ್ಕದಲ್ಲಿ ಹೆಂಡತಿ ಶಿವಕಾಂತಮ್ಮ. ಸಕ್ಕರೆ ಕಾಯಿಲೆಯಿಂದ ಅಂಗಾಲು ಜಡವಾಗಿ, ಚಪ್ಪಲಿಯ ಮೊಳೆ ಚುಚ್ಚಿದ್ದೂ ಅವರಿಗೆ ಗೊತ್ತಾಗಿರಲಿಲ್ಲ. ಹೆಬ್ಬೆರಳಿನ ಬುಡದಲ್ಲಾದ ಆ ಹುಣ್ಣು ಏನು ಹಚ್ಚಿದರೂ ಮಾಯುತ್ತಿಲ್ಲ. ಇನ್ನು ತಡಮಾಡಿದರೆ ಬೆರಳನ್ನೇ ತೆಗೆಯಬೇಕಾದೀತು ಎಂದು ಡಾಕ್ಟರ್ ಶಿವಾನಿ ಎಚ್ಚರಿಸಿಯಾಗಿದೆ. ಆಕೆ ಬಸವಕಲ್ಯಾಣದ ಕಡೆಯಿಂದ ಮದುವೆಯಾಗಿ ಬಂದ ಹುಡುಗಿ, ತಾಳ್ಮೆ ಬಹಳ. ಕಾಶೆಪ್ಪನವರಾದರೋ ಗಿರಾಕಿ ಕೇಳಿದ ಬೆಲೆಗೆ ಒಪ್ಪದೆ ಒಪ್ಪದೆಯೇ ಅಂಗಡಿ ಬೆಳೆಸಿದವರು. ಒಪ್ಪುವುದು ಅವರಿಗೆ ರೂಢಿಯಿಲ್ಲ.

ಶಿವಾನಿ: ಇಲ್ಲಿ ಕೇಳ್ರಿ ಕಾಕಾ. ಹಿಂದ ಈ ಕಡೆ ಭೂಕಂಪ ಆದ ಮ್ಯಾಲ ನೀವು ಹೊಸಾ ಮನಿ ಕಟ್ಟೂಮುಂದ ಬೊಂಬಿನ ಪರಾಂಚಿ, ಅಟ್ಟಣಿಗಿ, ನಿಂದರಿಸಿದ್ರಲ್ಲ? ಗೌಂಡಿ ಅದರ ಮ್ಯಾಲ ಹತ್ತಿ ಗ್ವಾಡಿ ಏರಿಸಿದ. ಇದೂ ಹಂಗೇ. ನಿಮ್ಮ ಸ್ವಂತ ಚರ್ಮಾ ಇದನ್ನ ಹಿಡಕೊಂಡು ಬೆಳೀತದ. ಆಮ್ಯಾಲ ಇದು ತಾನಾಗೇ ಕರಗಿ ಹೋಗ್ತದ.

ಕಾಶೆಪ್ಪ: ಬೊಂಬು ಬಿಚ್ಚಿ ಗಾಡ್ಯಾಗ ಹಾಕ್ಕೊಂಡು ಒಯ್ದ್ರು. ಇದು ಎಲ್ಲಿ ಕರಗ್ತದ? ನನ್ನೊಳಗ! ಅಂದ್ರ ನಾ ಅರ್ಧಾ ಕಾಶೆಪ್ಪ, ಅರ್ಧಾ ಮೀನ!

ಶಿವಕಾಂತಮ್ಮ: ಆಗಲಿ ಬಿಡ್ರಿ. ಮೀನ ಮಾತಾಡಲ್ಲ.

ಕಾಶೆಪ್ಪ: ನಿನಗ ಚಾಷ್ಟಿ! ಪೂಜಿಗಿ ಹ್ಯಾಂಗ ಕುಂದರ್ಲಿ? ಒಂದ ಕಾಲು ಹೊಸ್ತಿಲ ಹೊರಗ ಇಟ್ಟಾ?

ಶಿವಕಾಂತಮ್ಮ: ಕಾಲೇ ಹೋದ್ರ ಹೊಸ್ತಿಲ ತನಾ ಹ್ಯಾಂಗ ಹೋಗ್ತೀರಿ? ಮೊದಲ ಅದನ್ನ ಹೇಳ್ರಿ.

ಶಿವಾನಿ: ಬರಂ, ಬರಂ, ಆಯ್ತು. ಜಗಳಾ ಬ್ಯಾಡ. ಇನ್ನೊಂದು ನಮೂನಿದು ಅದ. ಸೋಲಾಪುರದಿಂದ ಒಂದೇ ಒಂದು ತರಿಸೀನಿ. ರೇಷ್ಮಿದು. ರೇಷ್ಮಿ ಗೂಡಿನಾಗಿನ ಪ್ರೋಟೀನ್ ತೆಗದು ಮಾಡಿದ್ದು.

ಕಾಶೆಪ್ಪನವರ ಮುಖ ಅರಳಿತು.

ಕಾಶೆಪ್ಪ: ರೇಷ್ಮಿ! ಮಡೀಲೆ ಉಡೂ ಬಟ್ಟಿ! ಇದನ್ನ ಮೊದಲೇ ಹೇಳಬಾರದೇನ್ರಿ?

ಶಿವಕಾಂತಮ್ಮ: ಆ ಹುಳಾನೂ ಬಿಸಿನೀರಾಗ ಹಾಕೇ ಎಳಿ ತೆಗೀತಾರಂತ.

ಕಾಶೆಪ್ಪ: ಏ, ಸುಮ್ನಿರ. ಈ ಮಾತು ಅಂಗಡ್ಯಾಗ ಆಡಬ್ಯಾಡ.

ರೇಷ್ಮೆ ಹಾಳೆಯ ಪೊಟ್ಟಣವನ್ನು ತಟ್ಟೆಯಲ್ಲಿಟ್ಟು ಶಿವಾನಿ ಕೈ ತೊಳೆಯಲು ಒಳಗೆ ಹೋದಳು. ಆಕೆ ಹಾಗೆ ಹೋಗಬಾರದಿತ್ತು. ಕೈಗೆ ಬಂದ ರೇಷ್ಮೆಯ ಒಂದೆಳೆ ಸುಟ್ಟು ಮೂಸದೆ ಕಾಶೆಪ್ಪ ಇಂದಿನವರೆಗೆ ಮಾಲು ಇಳಿಸಿಕೊಂಡವರಲ್ಲ. ಕೂದಲು ಸುಟ್ಟ ವಾಸನೆ ಬಂದರೆ ಅಸಲಿ, ಪ್ಲಾಸ್ಟಿಕ್ ನಾರಿದರೆ ನಕಲಿ. ಅದಕ್ಕೆಂದೇ ಅವರ ಜುಬ್ಬಾದ ಜೇಬಿನಲ್ಲಿ ಕಡ್ಡಿಪೆಟ್ಟಿಗೆ ಸದಾ ಇರುತ್ತದೆ.

ಶಿವಕಾಂತಮ್ಮ: ಅಯ್ಯ, ಯಾಕ ಹರೀಲತ್ತೀರಿ ಅದನ್ನ?

ಕಾಶೆಪ್ಪ: ರೇಷ್ಮಿ ಅಂತ ಹೇಳಿದವರೆಲ್ಲಾ ರೇಷ್ಮಿ ಕೊಡ್ತಾರೇನು? ಪಾಪ, ಡಾಕ್ಟರ್‌ಬಾಯಿಗಿ ಏನ ತಿಳೀತದ! (ಬೆರಳಲ್ಲಿ ತಿಕ್ಕಿ, ಟ್ಯೂಬ್‌ಲೈಟಿಗೆ ಹಿಡಿದು) ಸ್ವಲ್ಪ ಬಿರುಸದ. ದಡಿ ಇಲ್ಲ, ಸೆರಗಿಲ್ಲ.

ಶಿವಕಾಂತಮ್ಮ: ಹುಣ್ಣಿಗಿ ಜರಿ ಸೆರಗ ಬೇಕೇನ್ರಿ?

ಅಷ್ಟರಲ್ಲಿ ಕಡ್ಡಿ ಗೀರಿದ್ದಾಯಿತು. ಒಂದು ಮೂಲೆ ಚುರ್ರೆಂದಿತು. ಕಾಶೆಪ್ಪನವರು ಕಣ್ಣು ಮುಚ್ಚಿ ಸಂತೋಷದಿಂದ ಮೂಸಿದರು. ಶಿವಾನಿ ಓಡಿ ಬಂದಳು.

ಶಿವಾನಿ: ಯಾರ ಕೂದಲಾ ಸುಡ್ಲತ್ತಾವ್ರಿ?

ಕಾಶೆಪ್ಪ: ಚಿಂತಿ ಬಿಡ್ರಿ, ನಿಮಗ ಯಾರೂ ಮೋಸಾ ಮಾಡಿಲ್ಲ. ಮಾಲು ಅಸಲಿ ಅದ!

ಶಿವಾನಿ: ಅರೇ ದೇವಾ! ಕಾಯ್ ಕೇಲಂತ ಹೇ, ಏನ ಮಾಡಿದ್ರಿ ಇದು, ಕಾಕಾ? ಒಂದು ಕ್ರಿಮಿನೂ ಇರಬಾರದಂತ ಸೀಲ್ ಹಾಕಿ ಕಳಸ್ಯಾರ. ನೀವು ಕೈಲೆ ತಿಕ್ಕೀರಿ, ಬೆಂಕಿ ಹಚ್ಚೀರಿ. ಇನ್ನ ಇದು ಮೂಗ ಒರಸ್ಕೊಳ್ಳಾಕೂ ಬರಲ್ಲ!

ಕಾಶೆಪ್ಪ: ಮತ್ತೊಂದು ತರಿಸಿದ್ರಾಯ್ತು.

ಶಿವಾನಿ: ಬರೂದು ಮುಂದಿನ ವಾರ. ಹುಣ್ಣು ಇವತ್ತ ಕೆರದು ಸ್ವಚ್ಛ ಮಾಡೀನಿ, ಇವತ್ತೇ ಮುಚ್ಚಬೇಕು. ಅಲ್ಲಿ ತನಾ ತಡದ್ರ ಬೆರಳಿನ ಖಾತ್ರಿ ನಾ ಕೊಡಲ್ಲ. ಈಗ ಉಳದದ್ದು ಮೀನಿಂದೇ.

ಕಾಶೆಪ್ಪನವರು ಗೋಡೆ ನೋಡಿದರು. ಶಿವಕಾಂತಮ್ಮನಿಂದ ಇಷ್ಟು ಹೊತ್ತಿಗೆ ಒಂದು ಕೊಂಕು ಬರಬೇಕಿತ್ತು, ಬರಲಿಲ್ಲ. ತಿರುಗಿ ನೋಡಿದರೆ ಆಕೆ ಅಳುತ್ತಿದ್ದಳು.

ಶಿವಕಾಂತಮ್ಮ: ಇಷ್ಟ ವರ್ಷ ನಿಮ್ಮ ಹಟಾ ನೋಡಿ ನಕ್ಕೀನ್ರಿ. ಈಗ ಅಂಜಿಕಿ ಬರ್ಲತ್ತದ. ಇವತ್ತ ಬೆರಳು, ನಾಳಿ ಪಾದ, ಆಮ್ಯಾಲ? ನನಗ ನೀವು ಪೂರಾ ಬೇಕ್ರಿ.

ಗಿರಾಕಿಯ ಕಣ್ಣೀರಿಗೆ ಕರಗದವರು ಇಲ್ಲಿ ಕರಗಿದರು. ಆದರೆ ನೇರವಾಗಿ ಒಪ್ಪಿದರೆ ವ್ಯಾಪಾರಿಯ ಮಾನ ಉಳಿದೀತೇ?

ಕಾಶೆಪ್ಪ: ಡಾಕ್ಟರ್‌ಬಾಯಿ, ಅದೂ ಪ್ರೋಟೀನ್, ಇದೂ ಪ್ರೋಟೀನ್ ಅಂದ್ರಲ್ಲ?

ಶಿವಾನಿ: ಹೌದ್ರಿ. ರೇಷ್ಮಿ, ಕೂದಲಾ, ಉಗುರು, ಚರ್ಮಾ, ಎಲ್ಲಾ ಪ್ರೋಟೀನೇ.

ಕಾಶೆಪ್ಪ: ಸುಟ್ರ?

ಶಿವಾನಿ: ಎಲ್ಲಾದಕ್ಕೂ ಹೆಚ್ಚುಕಮ್ಮಿ ಇದೇ ವಾಸನಿ.

ಕಾಶೆಪ್ಪ: ಅಳತಿಗಿ ಕತ್ತರಿಸಿ ಉಳದ ತುಂಡು ಇತ್ತ ಕೊಡ್ರಿ.

ಶಿವಾನಿ ಕೈಗವಸು ಹಾಕಿಕೊಂಡು, ಹುಣ್ಣಿನ ಅಳತೆಗೆ ಹಾಳೆ ಕತ್ತರಿಸಿ, ಚೂರೊಂದನ್ನು ಅವರ ಅಂಗೈಗೆ ಹಾಕಿದಳು. ಮತ್ತೆ ಕಡ್ಡಿ ಹೊತ್ತಿತು. ಕಾಶೆಪ್ಪನವರು ಒಮ್ಮೆ ಮೂಸಿದರು. ಅನುಮಾನಕ್ಕೆ ಇನ್ನೊಮ್ಮೆ ಮೂಸಿದರು.

ಕಾಶೆಪ್ಪ: ನೋಡ್ರಿ, ನಾ ಒಂದೇ ಮಾತಿನ ಮನಷ್ಯಾ. ಸುಟ್ರ ಕೂದಲಾ ನಾರಿದ್ದು ರೇಷ್ಮಿ ಅಂತ ಸಾವಿರ ಗಿರಾಕಿಗಿ ಹೇಳೀನಿ. ಈಗ ನನ್ನ ಕಾಲಿನ ಸಲುವಾಗಿ ಆ ಮಾತು ತಿರವಲೇನು? ಇದು ರೇಷ್ಮಿ. ಹಚ್ಚರಿ!

ಶಿವಾನಿ ನಗು ತಡೆದುಕೊಂಡು ಹಾಳೆ ಕೂರಿಸಿ ಪಟ್ಟಿ ಸುತ್ತಿದಳು.

ಕಾಶೆಪ್ಪ: ಊರಾಗ ಯಾರು ಕೇಳಿದ್ರೂ ರೇಷ್ಮಿ ಅಂತೇ ಹೇಳಬೇಕು. ಇಬ್ಬರೂ.

ಶಿವಕಾಂತಮ್ಮ ಕಣ್ಣೊರೆಸಿಕೊಂಡಳು. ಡಾಕ್ಟರ ಕಡೆ ಬಾಗಿದಳು.

ಶಿವಕಾಂತಮ್ಮ: ಹತ್ತಿ ಕುಂತದಲ್ರಿ? ಇನ್ನ ಇವರು ಬ್ಯಾಡ ಅಂದ್ರೂ ಕೀಳಲ್ಲಲ್ಲ?

ಶಿವಾನಿ: ಇಲ್ಲ ಕಾಕು. ಗಟ್ಟಿ ಕುಂತದ.

ಶಿವಕಾಂತಮ್ಮ: ಹಂಗಾದ್ರ ಕೇಳ್ತೀನಿ. ಅಹೋ, ಎರಡೂ ಒಂದೇ ಅಂತೀರಿ. ಮತ್ತ ನಮ್ಮ ಮದಿವ್ಯಾಗ ರೇಷ್ಮಿ ಸೀರಿ ಅಂತ ನಿಮ್ಮವ್ವ ನನಗ ಉಡಿಸಿದ್ದು ಮೀನೇನ್ರಿ?