ಹುಳಕ್ಕೆ ಮುಗಿದ ಕೈ

ಕತ್ತಲೆಯನ್ನು ಯಾರಾದರೂ ಎರವಲು ಕೇಳುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಬೆಂಕಿ ಕೇಳುತ್ತಾರೆ, ಹೆಪ್ಪಿಗೆ ಮಜ್ಜಿಗೆ ಕೇಳುತ್ತಾರೆ, ಕತ್ತಲೆ ಯಾರಿಗೆ ಬೇಕು? ನಮ್ಮದು ಮಣ್ಣಿನ ಮಾಳಿಗೆಯ ಮನೆ. ನಡುಮನೆಗೆ ಕಿಟಕಿ ಇಲ್ಲ. ಮೇಲೆ ಬೆಳಕಿಂಡಿಯೊಂದಿದೆ, ಅದರ ಮೇಲೆ ಬುಟ್ಟಿ ಬೋರಲು ಹಾಕಿದರೆ ಮಟಮಟ ಮಧ್ಯಾಹ್ನವೂ ಅಮಾವಾಸ್ಯೆ. ಸೊಸೆ ಗಿರಿಜಾ ಬಂದಾಗಿನಿಂದ ಗೋಡೆ ಒಡೆಸಿ ಕಿಟಕಿ ಇಡಿಸಿ ಎಂದು ಹಟ ಹಿಡಿದವಳು. ಅಕ್ಕಿಯೊಳಗಿನ ಹರಳು ಕಾಣುವುದಿಲ್ಲವಂತೆ. ಹಲ್ಲಿಗೆ ಸಿಕ್ಕಾಗ ತಿಳಿಯುತ್ತದೆ ಬಿಡು ಎನ್ನುತ್ತಿದ್ದೆ. ಅಂಥವಳು ಮೊನ್ನೆ ಬಂದು, "ಅತ್ತಿ, ಶನಿವಾರ ನಮ್ಮ ಸಾಲಿಗೆ ನಡುಮನಿ ಕೊಡ್ತೀರೇನ್ರಿ? ಅಗದಿ ಕತ್ತಲ ಬೇಕಾಗೇತಿ" ಎಂದಳು.

ಅವಳು ಊರ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ತಾಯಂದಿರು ಒಬ್ಬೊಬ್ಬರಾಗಿ ಮಕ್ಕಳನ್ನು ನವಲಗುಂದದ ಖಾಸಗಿ ಶಾಲೆಯ ವ್ಯಾನು ಹತ್ತಿಸುತ್ತಿದ್ದರು. ಇನ್ನೊಂದಿಷ್ಟು ಹುಡುಗರು ಹೋದರೆ ಇವಳ ನೌಕರಿಗೂ ರಾಮ್ ರಾಮ್. ವ್ಯಾನಿನ ಶಾಲೆಯಲ್ಲಿ ಗೋಡೆಯ ಮೇಲೆ ಚಿತ್ರ ಬಿಟ್ಟು ಪಾಠ ಹೇಳುತ್ತಾರೆಂದು ಇವಳೂ ಎಲ್ಲಿಂದಲೋ ಒಂದು ಪ್ರೊಜೆಕ್ಟರ್ ತಂದಿದ್ದಳು. ರೊಟ್ಟಿ ಡಬ್ಬಿಯಷ್ಟೇ ಇದೆ. ಶಾಲೆಯ ಬಿಸಿಲಿನಲ್ಲಿ ಅದರ ಬೆಳಕು ಕಾಣಲೇ ಇಲ್ಲ. ತಾಯಂದಿರನ್ನು ಕೂರಿಸಿ ಒಂದು ಪಾಠ ತೋರಿಸಿದರೆ ಮನಸ್ಸು ತಿರುಗೀತು ಎಂಬುದು ಅವಳ ಆಸೆ. ಕಿಟಕಿಯ ಮಾತು ಇನ್ನು ಎತ್ತಬಾರದೆಂಬ ಕರಾರಿನ ಮೇಲೆ ನಾನು ಒಪ್ಪಿದೆ.

ಶನಿವಾರ ಮಕ್ಕಳು, ತಾಯಂದಿರು ಬಂದು ಒತ್ತಿ ಕೂತರು. ಮೂಲೆಮನೆಯ ಕಲ್ಲವ್ವನೂ ಬಂದಳು. ಅವಳು ಮೊಮ್ಮಕ್ಕಳನ್ನು ವ್ಯಾನು ಹತ್ತಿಸಿದರೆ ಇಡೀ ಓಣಿಯೇ ಹತ್ತಿಸುತ್ತದೆ, ಅಂಥ ಹೆಂಗಸು. ಬೆಳಕಿಂಡಿ ಮುಚ್ಚಿಸಿ ಗಿರಿಜಾ ಗುಂಡಿ ಒತ್ತಿದಳು. ಗೋಡೆಯ ತುಂಬ ಭಗ್ಗನೆ ಬೆಳಕು. ನಮ್ಮಲ್ಲಿ ದೀಪ ಹತ್ತಿದರೆ ಕೈ ಮುಗಿಯುವುದು ರೂಢಿ. ಕರೆಂಟು ಹೋಗಿ ಬಂದರೂ ಮುಗಿಯುತ್ತೇವೆ. ಹೆಂಗಸರೆಲ್ಲ ಕೈ ಮುಗಿದೆವು. ಮನೆಯ ಹಿರಿಯಳೆಂದು ನಾನು ಕಣ್ಣು ಮುಚ್ಚಿ, "ಶಿವನೇ, ಎಲ್ಲಾರ ಹೊಟ್ಟಿ ತಣ್ಣಗ ಇಡಪಾ" ಎಂದು ಗಟ್ಟಿಯಾಗಿ ಬೇಡಿಕೊಂಡೆ. ಕಣ್ಣು ತೆರೆದರೆ ಎದುರಿಗೆ ಹಗ್ಗದಂಥ ಬಿಳಿ ಹುಳ. ಜಂತುಹುಳವಂತೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಗಿರಿಜಾಳ ದನಿ ಅಳುವಿಗೆ ಬಂತು. ಕಲ್ಲವ್ವ ಸೆರಗು ಕೊಡವಿ ಎದ್ದೇಬಿಟ್ಟಳು.

ನನಗೆ ನಾಚಿಕೆಗಿಂತ ಸಿಟ್ಟು ಹೆಚ್ಚು. ಕೈ ಮುಗಿಸಿಕೊಂಡ ಈ ಹುಳ ಇರುವುದಾದರೂ ಎಲ್ಲಿ ಎಂದು ಕೇಳಿದೆ. ಹೊಟ್ಟೆಯಲ್ಲಂತೆ. ಯಾರ ಹೊಟ್ಟೆಯಲ್ಲಿ ಎಂದೆ. "ಉಗುರಾಗ ಮಣ್ಣ ಇಟಗೊಂಡು ಉಣ್ಣಾವ್ರ ಹೊಟ್ಟ್ಯಾಗ್ರಿ, ಅತ್ತಿ." ಬೆಳಿಗ್ಗೆಯಷ್ಟೇ ಬದನೆ ಗಿಡದ ಬುಡ ಕೆದರಿ, ಹಾಗೇ ರೊಟ್ಟಿ ಮುರಿದವಳು ನಾನು. ಕೈ ಸೆರಗಿನೊಳಗೆ ಹೋದವು. ಆದರೆ ಬಾಯಿ ನಿಲ್ಲಲಿಲ್ಲ. ಹೇಗೆ ಒಳಗೆ ಹೋಗುತ್ತದೆ, ಏನು ತಿನ್ನುತ್ತದೆ, ಹೊರಗೆ ಹಾಕುವುದು ಹೇಗೆ? ಗಿರಿಜಾ ಅಳು ಮರೆತು ಚಿತ್ರದ ಮೇಲೆ ಚಿತ್ರ ಹಾಕುತ್ತಾ ಹೇಳಿದಳು. ಕೊನೆಗೆ ನಾನೇ ಮಣ್ಣಿನಿಂದ ಉಗುರಿಗೆ, ಉಗುರಿನಿಂದ ರೊಟ್ಟಿಗೆ, ರೊಟ್ಟಿಯಿಂದ ಹೊಟ್ಟೆಗೆ ಎಂದು ಪಾಠ ಒಪ್ಪಿಸಿದೆ. ಎದ್ದ ಕಲ್ಲವ್ವ ಯಾವಾಗ ಕೂತಳೋ ನೋಡಲಿಲ್ಲ.

"ವ್ಯಾನ್ ಬ್ಯಾಡ ಬಿಡ್ರವಾ," ಎಂದಳು ಅವಳು. "ಈ ಮುದುಕಿ ತಲಿಗೇ ಪಾಠ ಇಳಿಸಿದಾಕಿ, ಹುಡುಗೂರಿಗೆ ಏನ ಬೇಕಾದ್ರೂ ಕಲಸ್ತಾಳ."

ಹಾಗೆನ್ನಬೇಡ ಎಂದು ಒಬ್ಬರಾದರೂ ಅನ್ನಬೇಕಲ್ಲ? ಎಲ್ಲರೂ ಹೌದೌದು ಎಂದರು. ಕಲ್ಲವ್ವನ ತಲೆಯ ಬಗ್ಗೆ ನನ್ನ ನಾಲಿಗೆಯ ತುದಿಗೇ ಒಂದು ಮಾತಿತ್ತು. ಅಷ್ಟರಲ್ಲಿ ಯಂತ್ರದ ಹಿಂದೆ ಉಸಿರು ಬಿಗಿಹಿಡಿದು ನನ್ನನ್ನೇ ನೋಡುತ್ತಿದ್ದ ಗಿರಿಜಾ ಕಂಡಳು. ಮಾತು ನುಂಗಿದೆ.

"ಹೌದವಾ ಕಲ್ಲವ್ವ, ನನಗ ತಿಳೀತಂದ್ರ ನಮ್ಮ ಎಮ್ಮಿಗೂ ತಿಳೀತೈತಿ" ಎಂದೆ.

ಅದಕ್ಕೂ ಎಲ್ಲರೂ ತಲೆಯಾಡಿಸಿದರು. ಗಿರಿಜಾ ಎಲ್ಲರಿಗಿಂತ ಜೋರಾಗಿ.